ರೇಷ್ಮೆ ಬಟ್ಟೆಗೆ ಎದ್ದ ಮುಳ್ಳು

ಬೆಸುಗೆ ಹಾಕುವಾಗ ಸುಡುವ ರಾಳದ ವಾಸನೆ ಎಲ್ಲಾದರೂ ಮೂಗಿಗೆ ಬಿದ್ದರೆ ಇವತ್ತಿಗೂ ನನ್ನ ಕೈಗಳು ತಣ್ಣಗಾಗುತ್ತವೆ. ಅದು ದಾವಣಗೆರೆಯ ನಮ್ಮ ಮನೆಯ ಪಡಸಾಲೆಯ ವಾಸನೆ. ಹತ್ತಿ ಗಿರಣಿಯ ಪಾಳಿ ಮುಗಿಸಿ ಬಂದು ಅಪ್ಪ ಅಲ್ಲಿ ರೇಡಿಯೋ ರಿಪೇರಿಗೆ ಕೂರುತ್ತಿದ್ದ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ಮಿಲಿಟರಿಯವರು ಮಾರಿದ, ಕರೆಂಟ್ ಅಳೆಯುವ ಹಳೇ ಮೀಟರುಗಳು ಹರಿಹರದ ಗುಜರಿಗೆ ಬಂದರೆ, ಯಾವುದು ಅಸಲಿ ಅಂತ ಹೇಳಲು ಅಪ್ಪನೇ ಬೇಕು. ಮೀಟರನ್ನು ಅತ್ತ ಇತ್ತ ಹೊರಳಿಸುವನು; ಮುಳ್ಳು ಸೊನ್ನೆ ಬಿಟ್ಟು ಕದಲಬಾರದು. ಮುಳ್ಳಿನ ಕೆಳಗೆ, ಅಳತೆ ಕರಾರುವಾಕ್ಕಾಗಿ ಓದಲು ಇಡುವ ಸಣ್ಣ ಕನ್ನಡಿ ಪಟ್ಟಿ ಇದೆಯೇ ನೋಡುವನು. ಕಡೆಗೆ ಮೀಟರಿಗೆ ಹೊಡೆದ ಹೆಸರಿನ ತಗಡಿನ ಮೇಲಿನ ಇಂಗ್ಲಿಷ್. ಅದಕ್ಕೆ ನಾನು. ಒಂದೊಂದೇ ಅಕ್ಷರ ಕೂಡಿಸಿ ನಾನು ಓದಿದರೆ ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. "ಹೆಣ್ಣುಡುಗಿಗೆ ಇಂಗ್ಲಿಷ್ ಯಾಕ ಬೇಕು?" ಅಂತ ಸೋದರತ್ತೆ ಒಳಗಿಂದಲೇ ಗೊಣಗುವಳು.

ಹಾಗೆ ಸಿಕ್ಕ ಒಂದು ಮರದ ಪೆಟ್ಟಿಗೆಯ ಮೀಟರನ್ನು ನೋಡಲು ಹರಿಹರದ ಕಾರ್ಖಾನೆಯ ಸಾಹೇಬರು ಆಯುಧಪೂಜೆಯ ದಿನ ಬರುವವರಿದ್ದರು. ಅದು ಅಪ್ಪ ಹೇಳಿದಂತೆ ಅಸಲಿಯಾದರೆ, ಅಂಥ ಕಣ್ಣಿರುವ ಅಪ್ಪನಿಗೆ ಅವರ ಟೆಸ್ಟಿಂಗ್ ರೂಮಿನಲ್ಲಿ ಕೆಲಸ. ಗಿರಣಿಯ ಹತ್ತಿಧೂಳಿಗೆ ಅಪ್ಪನ ಕೆಮ್ಮು ಏರುತ್ತಿತ್ತು. "ಅಲ್ಲೇ ಇದ್ರ ಅವರು ಉಳಿಯಂಗಿಲ್ಲ" ಅಂತ ಅವ್ವ ಅತ್ತೆಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಆವತ್ತಿನಿಂದ ಅಪ್ಪನ ಪ್ರತಿ ಕೆಮ್ಮನ್ನೂ ಎಣಿಸುತ್ತಿದ್ದೆ.

ಪೂಜೆಗೆ ಮೊದಲು ಆಯುಧ ಫಳಫಳ ಅನ್ನಬೇಕಲ್ಲ? ಅಪ್ಪ ಸ್ನಾನಕ್ಕೆ ಹೋದಾಗ, ಅವ್ವನ ಹಳೇ ರೇಷ್ಮೆ ಸೀರೆಯ ತುಂಡಿನಿಂದ ಮೀಟರಿನ ಗಾಜನ್ನು ತಿಕ್ಕಿ ತಿಕ್ಕಿ ಒರೆಸಿದೆ. ಮುಳ್ಳು ಮೆಲ್ಲಗೆ ಎದ್ದು ನಟ್ಟನಡುವೆ ನಿಂತಿತು. ಯಾವ ತಂತಿಯೂ ಅದಕ್ಕೆ ಸೇರಿರಲಿಲ್ಲ. ಹೊರಳಿಸಿದೆ, ತಟ್ಟಿದೆ, ದೇವರಿಗೆ ಕೈಮುಗಿದೆ. ಇಳಿಯಲಿಲ್ಲ. ಅಪ್ಪನನ್ನು ನಾನೇ ಕೊಂದೆ ಅನ್ನಿಸಿತು. "ಏನವ್ವಾ ಪಂಡಿತೆ, ಮುರಿದಿಟ್ಟಿಯೇನು?" ಅತ್ತೆ ಅನ್ನುವಷ್ಟರಲ್ಲಿ ಬಾಗಿಲಲ್ಲಿ ಬೂಟಿನ ಸಪ್ಪಳ.

ಸಾಹೇಬರು ಬಗ್ಗಿ ನೋಡಿ, "ಏನಪ್ಪಾ, ಮುಳ್ಳು ಸಿಕ್ಕಂಡೈತೆ. ಇದನ್ನ ಅಸಲಿ ಅಂತೀಯಲ್ಲ?" ಅಂದರು. ಅಪ್ಪ ಮೀಟರು ನೋಡಿದ, ನನ್ನ ಮುಷ್ಟಿಯ ರೇಷ್ಮೆ ನೋಡಿದ. "ನಾನೇ ಒರೆಸಿದೆ" ಅಂದೆ. ಅಪ್ಪ ಮೀಟರನ್ನು ಬಾಯಿಯ ಹತ್ತಿರ ತಂದು ಗಾಜಿನ ಮೇಲೆ 'ಹಾ' ಅಂತ ಉಸಿರು ಬಿಟ್ಟ. ಗಾಜು ಮಸುಕಾಯಿತು, ಮುಳ್ಳು ನಿಧಾನಕ್ಕೆ ಸೊನ್ನೆಗೆ ಬಂದು ಕೂತಿತು. "ಒಣ ರೇಷ್ಮೆ ತಿಕ್ಕಿದ್ರ ಗಾಜಿನಾಗ ಕರೆಂಟ್ ಹುಟ್ಟತೈತ್ರಿ, ಉಸಿರಿನ ಪಸೆಗೆ ಇಳೀತೈತ್ರಿ. ಅಷ್ಟಕ್ಕೇ ಎದ್ದೈತೆ ಅಂದ್ರ ಮುಳ್ಳು ಎಷ್ಟು ಹಗುರೈತೆ ನೋಡ್ರಿ! ಡೂಪ್ಲಿಕೇಟ್ ಆಗಿದ್ರ ಕದಲ್ತಿತ್ತಾ? ಪರೀಕ್ಷೆ ನನ್ನ ಮಗಳು ಮಾಡ್ಯಾಳ್ರಿ."

ಕೆಲಸ ಸಿಕ್ಕಿತು. ಎದೆಗೆ ಇಳಿದಿದ್ದ ಧೂಳು ಮಾತ್ರ ಹೋಗಲಿಲ್ಲ. ನಮ್ಮ ಮನೆತನದಲ್ಲಿ ಮೊದಲ ಬಿ.ಎಸ್ಸಿ. ನಾನು, ಆ ಸುದ್ದಿ ತಂದ ದಿನ ಅಪ್ಪನ ಉಸಿರಿಗೆ ಗಾಜು ಮಸುಕು ಮಾಡುವಷ್ಟೂ ಬಲವಿರಲಿಲ್ಲ. ಆ ಪಡಸಾಲೆ ಈಗಿಲ್ಲ, ಗೊಣಗುವ ಅತ್ತೆಯೂ ಇಲ್ಲ. ಮೊನ್ನೆ ಹಳೇ ಸಾಮಾನು ಕೊಳ್ಳುವವನೊಬ್ಬ ನನ್ನ ಹತ್ತಿರವೇ ಉಳಿದ ಆ ಮೀಟರಿನ ಬೆಲೆ ಕೇಳಿದ. ಅವನನ್ನು ಕಳಿಸಿ, ತಗಡಿನ ಮೇಲಿನ ಅಕ್ಷರಗಳನ್ನು ಒಂದೊಂದೇ ಗಟ್ಟಿಯಾಗಿ ಓದಿದೆ. ಕಣ್ಣು ಮುಚ್ಚಿ ಕೇಳುವವರು ಯಾರೂ ಇರಲಿಲ್ಲ.