ಪೈಲವಾನನೊಡನೆ ಬ್ಯಾಟರಿ ಗಾಡಿಯಲ್ಲಿ ಕೊಲ್ಹಾಪುರ

ಇಚಲಕರಂಜಿಯಿಂದ ಕೊಲ್ಹಾಪುರಕ್ಕೆ ಹೆಚ್ಚೆಂದರೆ ಮೂವತ್ತು ಕಿಲೋಮೀಟರು. ಬಸ್ಸು ಊರು ಬಿಡುವ ಮೊದಲೇ ನನ್ನ ತಾಳ್ಮೆ ಅರ್ಧ ಖರ್ಚಾಗಿತ್ತು. ಎಪ್ಪತ್ತು ದಾಟಿದ ನನ್ನ ಅಪ್ಪನಿಗೆ ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ ಅರ್ಧ ಟಿಕೀಟು. ಆಧಾರ್ ಕಾರ್ಡು ತೋರಿಸಿದರಾಯಿತು. ಕಂಡಕ್ಟರ್ ಬಂದು ನಿಂತಾಗ ಕಾರ್ಡು ಕೊಡು ಎಂದೆ. ಅಪ್ಪ ಅಂಗಿಯ ಕಿಸೆಯ ಮೇಲೆ ಅಂಗೈ ಊರಿಕೊಂಡು ಕಿಟಕಿಯ ಹೊರಗೆ ನೋಡತೊಡಗಿದ.

"ಅರ್ಧಾ ತಗಸಾಕ ನಾ ಏನ ಸಣ್ಣ ಹುಡುಗ ಏನು? ಪೂರಾ ತಗಸು," ಅಂದ.

ಹಿಂದಿನ ಸೀಟಿನ ಹೆಣ್ಣುಮಕ್ಕಳು ನಕ್ಕರು. ಮಹಾರಾಷ್ಟ್ರದಲ್ಲಿ ಹೆಂಗಸರಿಗೂ ಅರ್ಧವೇ, ಅವರೆಲ್ಲ ಅರ್ಧ ಟಿಕೀಟಿನವರೇ. ಅದೇ ಅಪ್ಪನಿಗೆ ಇನ್ನಷ್ಟು ಚುಚ್ಚಿತೇನೋ. ಎರಡು ಪೂರಾ ಟಿಕೀಟು ತೆಗೆಸಿ ಹಲ್ಲು ಕಚ್ಚಿಕೊಂಡು ಕೂತೆ. ಫೆಬ್ರವರಿಯ ಕೊನೆ, ಕಬ್ಬಿನ ಸೀಜನ್ ಇನ್ನೂ ಮುಗಿದಿರಲಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರಾಕ್ಟರುಗಳು ರಸ್ತೆ ತುಂಬ ತೆವಳುತ್ತಿದ್ದವು. ಒಂದು ತಾಸಿನ ದಾರಿಗೆ ಹತ್ತಿರ ಹತ್ತಿರ ಎರಡು ತಾಸು ಹಿಡಿಯಿತು.

ಈ ಪ್ರವಾಸ ನಾನು ಬಯಸಿ ಹೊರಟದ್ದಲ್ಲ. ನಾನು ಗಡಹಿಂಗ್ಲಜದ ಕನ್ನಡ ಶಾಲೆಯಲ್ಲಿ ಮಾಸ್ತರ. ಅಪ್ಪ ಇರುವುದು ಇಚಲಕರಂಜಿಯಲ್ಲಿ, ತಮ್ಮನ ಮನೆಯಲ್ಲಿ. ಹೋದ ತಿಂಗಳು ಅವನಿಗೆ ಎದೆ ಹಿಡಿದುಕೊಂಡಿತು. ತಪಾಸಣೆಗಳೆಲ್ಲ ಮುಗಿದ ಮೇಲೆ ಮೊನ್ನೆ ಮಿರಜಿನ ಡಾಕ್ಟರು ಬೈಪಾಸ್ ಆಗಲೇಬೇಕು, ಬರುವ ಸೋಮವಾರ ತಂದು ದಾಖಲು ಮಾಡಿರಿ, ಅಲ್ಲಿಯವರೆಗೆ ನೀರಿನ ಬಕೀಟು ಕೂಡ ಎತ್ತಕೂಡದು ಎಂದು ಹೇಳಿ ಕಳಿಸಿದ್ದರು. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ತಮ್ಮ ಹೇಳಿದ, ತಮ್ಮನ ಹೆಂಡತಿ ಅತ್ತಳು, ನಾನು ಫೋನಿನಲ್ಲಿ ಬೈದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೊನೆಗೆ ಅವನು ಬಾಯಿ ಬಿಟ್ಟದ್ದು ಇಷ್ಟೇ: ಕೊಲ್ಹಾಪುರಕ್ಕೆ ಹೋಗಿ ತನ್ನ ತಾಲೀಮಿನ ಮಣ್ಣು ಮುಟ್ಟಿ ಬರುತ್ತೇನೆ, ಆಮೇಲೆ ಹೇಳುತ್ತೇನೆ.

ತಾಲೀಮು ಅಂದರೆ ಗರಡಿಮನೆ. ರಾಯಬಾಗದ ಕಡೆಯ ಹಳ್ಳಿಯಿಂದ ಹರೆಯದಲ್ಲಿ ಬಂದು ಅಪ್ಪ ಕೊಲ್ಹಾಪುರದ ಒಂದು ತಾಲೀಮಿನಲ್ಲಿ ಕೆಲವು ವರ್ಷ ಕುಸ್ತಿ ಕಲಿತಿದ್ದ. ಆಮೇಲೆ ಮದುವೆ, ಮಕ್ಕಳು. ಇಚಲಕರಂಜಿಗೆ ಬಂದು ಪವರ್‌ಲೂಮಿನ ಮುಂದೆ ನಿಂತವನು ಮೈ ಸೋಲುವವರೆಗೂ ಅಲ್ಲೇ ನಿಂತ. ಮಗ್ಗದ ಖಟಖಟ ಅವನ ಕಿವಿಯನ್ನು ತಿಂದು ಹಾಕಿತ್ತು. ಮೈ ಮಾತ್ರ ಇನ್ನೂ ಅಖಾಡದ್ದೇ ಎಂಬ ನಂಬಿಕೆ ಅವನದು. ಪೈಲವಾನನ ಎದೆಗೆ ಕತ್ತರಿ ಹಾಕುವುದು ಬೇಕೋ ಬೇಡವೋ ಎಂದು ಡಾಕ್ಟರಿಗಿಂತ ಮಣ್ಣಿಗೇ ಹೆಚ್ಚು ಗೊತ್ತು ಎಂಬುದು ಅವನ ಲೆಕ್ಕ.

ಕೊಲ್ಹಾಪುರದ ಬಸ್ ಸ್ಟ್ಯಾಂಡಿನ ಹೊರಗೆ ಬ್ಯಾಟರಿ ಗಾಡಿಗಳು ಸಾಲಾಗಿ ನಿಂತಿದ್ದವು. ಬಣ್ಣದ ರೆಕ್ಸಿನ್ನಿನ ಸೀಟು, ಮೇಲೆ ತಗಡಿನ ಮಾಡು, ನಾಲ್ಕು ಬದಿಗೂ ಬಯಲು. ಅಪ್ಪನನ್ನು ನಡೆಸುವಂತಿರಲಿಲ್ಲ. ಹೊಗೆಯಿಲ್ಲ, ಸಪ್ಪಳಿಲ್ಲ, ತಲೆಗೆ ಇನ್ನೂರು ರೂಪಾಯಿ, ಇಡೀ ಕೊಲ್ಹಾಪುರ ತೋರಿಸುತ್ತೇನೆ ಎಂದು ಒಬ್ಬ ಕರೆದ. ಹೆಸರು ಮಾರುತಿ, ಊರು ಚಂದಗಡ. ತಾಯಿ ಬೆಳಗಾವಿ ಕಡೆಯವಳಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ನಾನು ತಾಲೀಮಿನ ಹೆಸರು ಹೇಳಿ, ನಮಗೆ ಬೇಕಾದದ್ದು ಅದೊಂದೇ ಎಂದೆ. ಅವನಿಗೆ ಆ ಜಾಗ ಗೊತ್ತಿತ್ತು. ಆದರೆ ಅದು ಪ್ರವಾಸಿಗರಿಗೆ ತೋರಿಸುವ ಪಾಯಿಂಟುಗಳಲ್ಲಿ ಇರಲಿಲ್ಲವಂತೆ. ಕಡೆಗೆ ಮುಟ್ಟಿಸುತ್ತೇನೆ ಅಂದ.

ಗಾಡಿಗೆ ಸಪ್ಪಳಿಲ್ಲ ಎಂಬುದು ನಿಜ. ಮಾರುತಿಗೆ ಇತ್ತು. ಹೊರಟದ್ದೇ ತಡ, ಅವನು ಕೊರಳಿಗೆ ಒಂದು ಮೈಕು ಸಿಗಿಸಿಕೊಂಡ. ಮಾಡಿನ ಕೆಳಗೆ ನಮ್ಮ ತಲೆಗೆ ತಾಗುವಂತೆ ಸ್ಪೀಕರು. ಒಂದು ಮೊಳ ದೂರದಲ್ಲಿ ಕೂತ ಇಬ್ಬರಿಗಾಗಿ ಆ ಮನುಷ್ಯ ಸಭೆಗೆ ಭಾಷಣ ಮಾಡುವಂತೆ ಒದರತೊಡಗಿದ. ಅರ್ಧ ಮರಾಠಿ, ಅರ್ಧ ಕನ್ನಡ. ರಾಜರು, ಆನೆಗಳು, ಕೆರೆಗಳು, ಸಿನೆಮಾದವರು ಇಳಿದುಕೊಂಡ ಹೋಟೆಲು, ಎಲ್ಲ ಒಂದೇ ಏರುದನಿಯಲ್ಲಿ. ಮೈಕು ಆರಿಸಯ್ಯಾ ಎಂದು ನಾನು ಅವನ ಭುಜ ಅಲುಗಿಸಿದೆ. ತಡೆದವನು ಅಪ್ಪ.

"ಇರಲಿ ಬಿಡೋ," ಅಂದ. "ಭಾಳ ದಿನದ ಮ್ಯಾಲ ಒಬ್ಬಂವ ಮಾತಾಡೂದು ನನಗ ಚಂದಂಗ ಕೇಳಸಾಕತ್ತೈತಿ."

ನಾನು ಕಿವಿಗೆ ಕರವಸ್ತ್ರ ಸುತ್ತಿಕೊಂಡು ಕೂತೆ.

ಮೊದಲು ಹೊಸ ಅರಮನೆ. ಕಪ್ಪು ಕಲ್ಲಿನ ದೊಡ್ಡ ಕಟ್ಟಡ, ನೋಡಲು ಭವ್ಯವಾಗಿಯೇ ಇದೆ. ಒಳಗೆ ಹೋದರೆ ಬಹಳ ತಿರುಗಬೇಕಾಗುತ್ತದೆಂದು ಹೊರಗಿನಿಂದಲೇ ನೋಡಿದೆವು. ಅಲ್ಲಿಂದ ಮುಂದಿನ ಪಾಯಿಂಟು ಒಂದು ಚಪ್ಪಲಿ ಅಂಗಡಿ. ಆಮೇಲೆ ಬೆಲ್ಲದ ಅಂಗಡಿ, ಅದರ ನಂತರ ಬೆಳ್ಳಿಯ ಅಂಗಡಿ, ಅದರಾಚೆ ಮಸಾಲೆಯ ಅಂಗಡಿ. ಪ್ರತಿ ಅಂಗಡಿಯ ಮುಂದೆಯೂ ಮಾರುತಿ ಇಳಿದು ಹೋಗಿ ಮಾಲೀಕನೊಡನೆ ನಗುತ್ತ ಚಹಾ ಕುಡಿದು ಬರುತ್ತಿದ್ದ. ಇತಿಹಾಸ ತೋರಿಸುತ್ತೇನೆಂದು ಕರೆತಂದು ಬಜಾರು ಮಾಡಿಸುತ್ತೀಯಾ ಎಂದು ಕೇಳಿದೆ. ಬ್ಯಾಟರಿಗೂ ನಡುನಡುವೆ ಉಸಿರು ಬೇಕಲ್ಲ ಸರ್ ಅಂದ. ಉಸಿರಾಡುತ್ತಿದ್ದ ಆ ಬ್ಯಾಟರಿಯ ಮೇಲೆ ಆಗಲೂ ಮೈಕು, ಫ್ಯಾನು, ದೇವರ ಫೋಟೋದ ಸುತ್ತಲಿನ ಬಣ್ಣದ ದೀಪಗಳು ಎಲ್ಲ ಚಾಲೂ ಇದ್ದೇ ಇದ್ದವು. ಸಂಕೋಚಕ್ಕೆ ಬಿದ್ದು ನಾನು ಒಂದು ಜೊತೆ ಚಪ್ಪಲಿ ಕೊಂಡೆ. ಸಂಜೆಯೊಳಗೆ ಅವು ಎರಡೂ ಹೆಬ್ಬೆರಳನ್ನು ಕಚ್ಚಿ ಗಾಯ ಮಾಡಿದವು.

ಅಂಬಾಬಾಯಿಯ ಗುಡಿಯ ಹತ್ತಿರ ಗಾಡಿಗಳನ್ನು ಬಿಡುವುದಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು. ದರ್ಶನದ ಸಾಲು ಬೀದಿಯವರೆಗೆ ಬಂದಿತ್ತು. ಅಪ್ಪ ದೂರದಿಂದಲೇ ಶಿಖರಕ್ಕೆ ಕೈ ಮುಗಿದ. ತಾಯಿ ಇಲ್ಲಿಂದ ಎಲ್ಲೂ ಹೋಗುವುದಿಲ್ಲ, ಮೊದಲು ತಾಲೀಮಿಗೆ ನಡಿ ಅಂದ. ಮಾರುತಿ ಒಪ್ಪಲಿಲ್ಲ. ಪಾಯಿಂಟುಗಳ ಸಾಲು ಮುರಿಯುವ ಹಾಗಿಲ್ಲವಂತೆ. ಯಾರು ಹಾಕಿದ ಕಟ್ಟಳೆಯೋ, ಅವನಿಗೇ ಗೊತ್ತು. ರಂಕಾಳಾ ಕೆರೆಯ ಸುತ್ತ ನಮ್ಮನ್ನು ಮೆಲ್ಲಗೆ ತಿರುಗಿಸಿ, ಈ ಕೆರೆಯ ನಂದಿ ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ಮುಂದೆ ಸರಿಯುತ್ತದೆ ಎಂದು ಮೈಕಿನಲ್ಲಿ ಹೇಳಿದ. ನಮ್ಮ ಗಾಡಿಗಿಂತ ಅದೇ ವಾಸಿ ಎಂದು ನಾನು ಗೊಣಗಿದೆ.

ಊಟ ಒಂದು ಖಾನಾವಳಿಯಲ್ಲಿ. ಪಕ್ಕದ ಟೇಬಲ್ಲಿಗೆ ಮಟನ್ನಿನ ಕೆಂಪು ರಸ್ಸಾ, ಬಿಳಿ ರಸ್ಸಾ ಬಂದವು. ಅಪ್ಪನಿಗೆ ನಾನು ಹೇಳಿದ್ದು ಭಕ್ಕರಿ ಮತ್ತು ಎಣ್ಣೆ ಕಡಿಮೆ ಹಾಕಿದ ಕಡಲೆಹಿಟ್ಟಿನ ಝುಣಕ. ಅವನು ಪಕ್ಕದವರ ವಾಟಿಯ ಕಡೆ ನೋಡುತ್ತ ತಿಂದ. ಆ ದಿನಗಳಲ್ಲಿ ಸಂಜೆ ಎಮ್ಮೆಯ ಹಾಲನ್ನು ಒಂದೇ ಉಸಿರಿಗೆ ಸೇರುಗಟ್ಟಲೆ ಕುಡಿಯುತ್ತಿದ್ದೆ, ಗ್ಲಾಸು ಬಾಯಿಂದ ಇಳಿಸಿದರೆ ವಸ್ತಾದ ಬೆನ್ನಿಗೆ ಗುದ್ದುತ್ತಿದ್ದ ಎಂದು ಹೇಳಿದ. ವಸ್ತಾದ ಅಂದರೆ ತಾಲೀಮಿನ ಗುರು. ಆ ಕಥೆಯನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದೇನೆ.

ತಾಲೀಮು ಮುಟ್ಟಿದಾಗ ಬಿಸಿಲು ಇಳಿದಿತ್ತು. ಸಣ್ಣ ಓಣಿ, ಹಳೆಯ ಕಲ್ಲಿನ ಕಟ್ಟಡ, ಬಾಗಿಲಿನ ಪಕ್ಕದ ಗೂಡಿನಲ್ಲಿ ಸಿಂಧೂರ ಬಳಿದ ಹನುಮಂತ. ಅಪ್ಪನ ಮುಖ ಅರಳಿತು. ನನಗಿಂತ ಮೊದಲು ಇಳಿದು, ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲಿಗೆ ಕೈ ಹಚ್ಚಿ ಒಳಗೆ ಹೋದ.

ಒಳಗೆ ಮಣ್ಣು ಇರಲಿಲ್ಲ. ಗೋಡೆಯಿಂದ ಗೋಡೆಗೆ ಹೊಳೆಯುವ ಬಿಳಿ ಫರ್ಶಿ ಹಾಕಿದ್ದರು. ಒಂದು ಮೂಲೆಯಲ್ಲಿ ಕೇರಂ ಬೋರ್ಡು, ಇನ್ನೊಂದು ಮೂಲೆಯಲ್ಲಿ ಫುಟ್‌ಬಾಲ್ ಬೂಟುಗಳ ರಾಶಿ, ಗೋಡೆಯ ತುಂಬ ಪಂದ್ಯಗಳಲ್ಲಿ ಗೆದ್ದ ಕಪ್‌ಗಳು, ಢಾಲುಗಳು. ಕೊಲ್ಹಾಪುರದ ಎಷ್ಟೋ ತಾಲೀಮುಗಳು ಈಗ ಫುಟ್‌ಬಾಲ್ ತಂಡಗಳಾಗಿ ಹೆಸರು ಮಾಡಿವೆ ಎಂದು ನನಗೆ ಗೊತ್ತಿತ್ತು. ಇದೂ ಹಾಗೇ ಆಗಿರಬಹುದೆಂದು ಮಾತ್ರ ಹೊಳೆದಿರಲಿಲ್ಲ. ಅಲ್ಲಿ ಕೂತಿದ್ದ, ತಾಲೀಮು ನೋಡಿಕೊಳ್ಳುವ ಮಂಡಳದವನು ಹಳೆಯ ಪೈಲವಾನ ಬಂದಿದ್ದಾನೆಂದು ತಿಳಿದು ಎದ್ದು ಬಂದು ಅಪ್ಪನ ಕಾಲು ಮುಟ್ಟಿದ. ಅಖಾಡಕ್ಕೆ ಇಳಿಯುವವರೇ ಉಳಿಯಲಿಲ್ಲ, ಮಣ್ಣು ಹಸಿಯಾಗಿ ಹುಳ ಬಿದ್ದವು, ಹೀಗಾಗಿ ಮುಚ್ಚಿಸಿದೆವು ಎಂದು ಮರಾಠಿಯಲ್ಲಿ ಹೇಳಿದ. ಮಣ್ಣನ್ನು ಏನು ಮಾಡಿದಿರಿ ಎಂದು ಅಪ್ಪ ಕೇಳಿದ. ಅವನಿಗೆ ನೆನಪಿರಲಿಲ್ಲ.

ಅಪ್ಪ ಬಗ್ಗಿ ಫರ್ಶಿಯನ್ನು ಮುಟ್ಟಿದ. ಕೈಯನ್ನು ಹಣೆಗೆ ಒಯ್ಯಲು ಹೋಗಿ, ಅರ್ಧಕ್ಕೆ ತಡೆದು, ಧೋತರಕ್ಕೆ ಒರೆಸಿಕೊಂಡ. ಹೊರಗೆ ಬಂದ ಮೇಲೆ ಈಗಲಾದರೂ ಹೇಳು, ಸೋಮವಾರ ಹೋಗೋಣವೋ ಬೇಡವೋ ಎಂದು ಕೇಳಿದೆ.

"ಮಣ್ಣ ಇದ್ದಿದ್ರ ಕೇಳತಿದ್ನಿ," ಅಂದ. "ಫರ್ಶಿಗೆ ಏನ ಕೇಳೂದು?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಫರ್ಶಿ ಹಾಕಿಸಿದವರ ಮೇಲೆ, ದಿನವೆಲ್ಲ ಅಂಗಡಿ ಸುತ್ತಿಸಿದ ಮಾರುತಿಯ ಮೇಲೆ, ಎಲ್ಲಕ್ಕಿಂತ ಹೆಚ್ಚು ಈ ಹಟಮಾರಿ ಮುದುಕನ ಮೇಲೆ. ಸಾಯುವುದಿದ್ದರೆ ಸಾಯಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡೆ. ಒಳಗಿದ್ದದ್ದು ಸಿಟ್ಟಿಗಿಂತ ಹೆದರಿಕೆ.

ಓಣಿ ದಾಟಿ ಏರು ಹತ್ತುವಾಗ ಗಾಡಿ ನಿಂತಿತು. ಮೊದಲು ಫ್ಯಾನು ನಿಂತಿತು, ಆಮೇಲೆ ದೇವರ ದೀಪಗಳು ಆರಿದವು, ಮೈಕು ಒಮ್ಮೆ ಕೀಚಲು ದನಿ ಹೊರಡಿಸಿ ಸುಮ್ಮನಾಯಿತು. ಬ್ಯಾಟರಿ ಖಾಲಿ. ಮಾರುತಿ ಕೀಲಿ ತಿರುವಿದ, ಸೀಟು ಎತ್ತಿ ವಾಯರು ಅಲುಗಿಸಿದ. ಇಳಿದು ಅವನ ಎದುರು ನಿಂತು ದಿನವಿಡೀ ಕಟ್ಟಿಟ್ಟುಕೊಂಡದ್ದನ್ನೆಲ್ಲ ನಾನು ಕಾರತೊಡಗಿದೆ. ಚಪ್ಪಲಿ, ಬೆಲ್ಲ, ಮಸಾಲೆ, ಒಂದನ್ನೂ ಬಿಡಲಿಲ್ಲ. ಅಷ್ಟರಲ್ಲಿ ಗಾಡಿ ತಾನಾಗಿ ಮುಂದೆ ಸರಿಯಿತು. ಚಾಲೂ ಆಯಿತು ಎಂದು ಮಾರುತಿ ಹಿಗ್ಗಿದ.

ಚಾಲೂ ಆಗಿರಲಿಲ್ಲ. ಹಿಂದೆ ಅಪ್ಪ ಕಾಲು ಊರಿ, ಕಬ್ಬಿಣದ ಸರಳಿಗೆ ಹೆಗಲು ಕೊಟ್ಟು ನೂಕುತ್ತಿದ್ದ.

ನಾನು ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಗಾಡಿ ಒಂದು ಮಾರು ಮುಂದೆ ಹೋಯಿತು, ನಿಂತಿತು, ಹಿಂದಕ್ಕೆ ಜಾರಿತು. ಮಾರುತಿ ಓಡಿ ಚಕ್ರಕ್ಕೆ ಕಲ್ಲು ಕೊಟ್ಟ. ನಾನು ಅಪ್ಪನನ್ನು ಹಿಡಿದು ಒಂದು ಅಂಗಡಿಯ ಕಟ್ಟೆಯ ಮೇಲೆ ಕೂಡಿಸಿದೆ. ಮುಖ ಬಿಳಿಚಿತ್ತು, ಕುತ್ತಿಗೆಯೆಲ್ಲ ಬೆವರು. ಡಾಕ್ಟರು ಕೊಟ್ಟ ಗುಳಿಗೆಯನ್ನು ನಾಲಿಗೆಯ ಕೆಳಗೆ ಇಟ್ಟೆ. ಅವಸರದಲ್ಲಿ ಇನ್ನೊಂದು ರಸ್ತೆಗೆ ಬಿತ್ತು. ಅಂಗಡಿಯವನು ನೀರು ತಂದ. ಮಾರುತಿ ಅಂದು ಮೊದಲ ಸಲ ಮೈಕಿಲ್ಲದೆ ಮಾತಾಡಿದ. ಕಾಕಾ, ಹೇಗಿದ್ದೀರಿ ಎಂದು ಮತ್ತೆ ಮತ್ತೆ ಕೇಳಿದ. ಆ ದನಿ ಅಪ್ಪನಿಗೆ ಮುಟ್ಟಲೇ ಇಲ್ಲ. ನಾನು ಕಿವಿಯ ಹತ್ತಿರ ಬಾಗಿ, ದವಾಖಾನೆಗೆ ಹೋಗೋಣ ಎಂದೆ. ತಡಿ ಎಂಬಂತೆ ಕೈ ಮಾಡಿದ. ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೆ. ಕೈಯ ಕೆಳಗೆ ಉಸಿರು ಏರಿಳಿಯುತ್ತಿತ್ತು. ಮೆಲ್ಲಗೆ ಅದು ತಹಬಂದಿಗೆ ಬಂತು.

"ಖಾಲಿ ಗಾಡಿ," ಅಂದ ಅಪ್ಪ. "ಒಳಗ ಒಬ್ಬಂವನೂ ಕುಂತಿರಲಿಲ್ಲ."

ಆಮೇಲೆ ಅವನು ಮಾರುತಿಯ ಕಡೆ ತಿರುಗಿದ. ದಿನವೆಲ್ಲ ಅವನ ಮಾತು ಕೇಳಿದ್ದಕ್ಕೆ ಈಗ ತನ್ನದೊಂದು ಹೇಳಬೇಕು ಎಂಬಂತೆ.

"ನಮ್ಮ ವಸ್ತಾದ ಒಂದ ಹೇಳತಿದ್ದ. ಬೆನ್ನ ನೆಲಕ್ಕ ಹತ್ತಿದ ಮ್ಯಾಲ ತೀರ್ಪ ಕೊಡೂ ಪಂಚರ ಜೋಡಿ ವಾದಾ ಮಾಡಬಾರದು. ಎದ್ದು, ಕೈ ಮುಗದು, ಸುಮ್ಮ ಹೋಗಬೇಕು."

ಸೋಮವಾರದ ಬಗ್ಗೆ ನಾನು ಮತ್ತೆ ಕೇಳಲಿಲ್ಲ. ಕೇಳಿದರೆ ಎಲ್ಲಿ ಮಾತು ಬದಲಿಸುತ್ತಾನೋ ಎಂದು ಅಂಜಿಕೆ.

ಮಾರುತಿ ಒಂದು ಆಟೋ ನಿಲ್ಲಿಸಿ ನಮ್ಮನ್ನು ಹತ್ತಿಸಿದ. ಇಷ್ಟೆಲ್ಲ ಆದ ಮೇಲೂ, ಸೂರ್ಯಾಸ್ತದ ಪಾಯಿಂಟು ಒಂದು ಉಳಿದಿದೆ, ಕಾಕಾ ಗಟ್ಟಿಯಾದ ಮೇಲೆ ಕರಕೊಂಡು ಬರ್ರಿ, ಅದು ಫುಕಟ್ ಅಂದ. ಬೈಯುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ದಾರಿಯಲ್ಲಿ ಗಂಗಾವೇಶ ಬಂತು. ಅಲ್ಲಿ ಸಂಜೆ ಎಮ್ಮೆಗಳನ್ನು ಬೀದಿಗೇ ತಂದು ಕಟ್ಟಿ, ಗಿರಾಕಿಯ ಕಣ್ಣೆದುರು ಹಿಂಡಿ, ನೊರೆಯೊಡನೆ ಹಾಲನ್ನು ಗ್ಲಾಸಿಗೆ ಸುರಿದು ಕೊಡುತ್ತಾರೆ. ಅಪ್ಪ ಆಟೋ ನಿಲ್ಲಿಸಿದ. ಇಷ್ಟು ದಪ್ಪ ಹಾಲು ನಿನಗೆ ಆಗುವುದಿಲ್ಲ ಎಂದೆ. ಸ್ವಲ್ಪ ಹಾಕಲಿಕ್ಕೆ ಹೇಳು ಅಂದ. ಗ್ಲಾಸಿನ ತಳಕ್ಕೆ ಹಾಕಿಸಿಕೊಂಡು ಎರಡೂ ಕೈಯಲ್ಲಿ ಹಿಡಿದು, ಬಿಸಿ ಚಹಾ ಕುಡಿಯುವವರ ಹಾಗೆ ಗುಟುಕು ಗುಟುಕಾಗಿ ಕುಡಿದ. ಪಕ್ಕದಲ್ಲಿ ಹರೆಯದ ಪೈಲವಾನನೊಬ್ಬ ದೊಡ್ಡ ಲೋಟವನ್ನು ಒಂದೇ ಉಸಿರಿಗೆ ಮುಗಿಸಿ ಮೀಸೆ ಒರೆಸಿಕೊಂಡ. ಅಪ್ಪ ಅವನನ್ನು ನೋಡಿ ತಲೆಯಾಡಿಸಿದ.

ಇಚಲಕರಂಜಿಯ ಬಸ್ಸು ಸ್ಟ್ಯಾಂಡಿನಲ್ಲೇ ನಿಂತಿತ್ತು. ಕಿಟಕಿಯ ಸೀಟಿನಲ್ಲಿ ಅಪ್ಪನನ್ನು ಕೂಡಿಸಿ, ಚಪ್ಪಲಿ ಬಿಚ್ಚಿ ಹೆಬ್ಬೆರಳುಗಳನ್ನು ನೋಡಿಕೊಂಡೆ. ಬಸ್ಸು ಊರು ದಾಟಿ ಮತ್ತೆ ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳತೊಡಗಿದಾಗ ಕಂಡಕ್ಟರ್ ಬಂದ. ಬೆಳಗಿನ ಪಾಠ ನೆನಪಿಟ್ಟುಕೊಂಡು, ಎರಡು ಪೂರಾ ಟಿಕೀಟು ತೆಗೆಸಲು ಕಿಸೆಗೆ ಕೈ ಹಾಕಿದೆ.

ಅಪ್ಪ ನನಗಿಂತ ಮೊದಲು ತನ್ನ ಕಿಸೆಯಿಂದ ಕಾರ್ಡು ತೆಗೆದು ಕಂಡಕ್ಟರನ ಮುಂದೆ ಹಿಡಿದ.

"ಏಕ ಪೂರಾ, ಏಕ ಅರ್ಧಾ," ಅಂದ.

ಈ ಸಲ ಕಿಟಕಿಯ ಹೊರಗೆ ನೋಡಿದ್ದು ನಾನು.