ಕಾಗೆ ಮುಟ್ಟಿದ ತಲೆ

ಪೀಣ್ಯದ ನಮ್ಮತ್ತೆ ಮನೆಯ ಹೊಲವೆಲ್ಲ ಕಾರ್ಖಾನೆಗಳ ಪಾಲಾದ ಮೇಲೆ ನಾನು ಸೊಸೆಯಾಗಿ ಬಂದೆ. ಹೊಲವಿದ್ದಿದ್ದರೆ ಕಳೆ ಕೀಳುವ ನೆಪದಲ್ಲಾದರೂ ಹೊಸಿಲು ದಾಟುತ್ತಿದ್ದೆ. ಗಂಡ ಶಿಫ್ಟಿಗೆ ಹೋದರೆ ಅತ್ತೆ ಬಾಗಿಲಲ್ಲೇ ಕೂತಿರುತ್ತಿದ್ದರು. ತಾಯಿಯಿಲ್ಲದ ನನಗೆ ತೌರೆಂದರೆ ಜಿಗಣಿ ಕಡೆ ಇದ್ದ ಅಪ್ಪ ಒಬ್ಬನೇ. ಮದುವೆ ಊಟದ ಪಂಕ್ತಿಯಲ್ಲಿ ಎದ್ದ ಜಗಳದಿಂದ ಅವನು ಇತ್ತ ತಲೆ ಹಾಕಿರಲಿಲ್ಲ. ನನ್ನನ್ನು ಕಳಿಸುವ ಮಾತೂ ಇರಲಿಲ್ಲ.

ನನಗೆ ಉಳಿದದ್ದು ಬಟ್ಟೆ ಒಣಹಾಕುವ ತಾರಸಿ. ಅದಕ್ಕೆ ತಾಗಿದ್ದ ಹೊಂಗೆ ಮರದಲ್ಲಿ ಆ ಬೇಸಿಗೆ ಕಾಗೆ ಗೂಡು ಕಟ್ಟಿತು. ಕಡ್ಡಿ ಕಮ್ಮಿ, ತಂತಿ ಜಾಸ್ತಿ. ಪಕ್ಕದ ಕಾರ್ಖಾನೆಯ ಗುಜರಿಯಿಂದ ಲೇತ್ ಯಂತ್ರ ಹೆರೆದು ಉದುರಿಸಿದ ಕಬ್ಬಿಣದ ಸುರುಳಿಗಳನ್ನೂ ಎಳೆದು ತಂದಿತ್ತು. ಇಂಥ ಮುಳ್ಳುಹಾಸಿಗೆಯಲ್ಲಿ ಮೊಟ್ಟೆ ಇಟ್ಟೀತೇ ಎಂದು ಬಗ್ಗಿ ನೋಡಿದರೆ, ಒಳಗೆ ತೆಂಗಿನ ನಾರು, ಯಾರದೋ ಕೂದಲು ಒತ್ತಾಗಿ ಹಾಸಿತ್ತು. ಮೇಲೆ ನಾಲ್ಕು ಮೊಟ್ಟೆ, ತಿಳಿ ಹಸಿರುನೀಲಿ, ಮೈತುಂಬ ಕಂದು ಚುಕ್ಕಿ. ಕಾಗೆಯಂಥ ಕಾಗೆಗೆ ಈ ಬಣ್ಣ ಯಾರು ಕೊಟ್ಟರೋ. ಹೆಣ್ಣು ಕಾವಿಗೆ ಕೂತರೆ ಏಳುವುದೇ ಅಪರೂಪ. ಗಂಡು ತುತ್ತು ತಂದು ಅದರ ಬಾಯಿಗಿಡುತ್ತಿತ್ತು, ಕೋಗಿಲೆ ಸುಳಿದರೆ ಅಟ್ಟಿಸಿಕೊಂಡು ಹೋಗುತ್ತಿತ್ತು. ನೆತ್ತಿ ಕುಕ್ಕೀತೆಂದು ಅತ್ತೆ ತಲೆಯ ಮೇಲೆ ಮೊರ ಹಿಡಿದೇ ತಾರಸಿ ಹತ್ತುತ್ತಿದ್ದರು. ನನಗೂ ಒಂದು ಮೊರ ಕೊಟ್ಟಿದ್ದರು.

ನಮ್ಮಲ್ಲಿ ಕಾಗೆ ತಲೆ ಮುಟ್ಟಿದರೆ ಸಾವಿನ ದೋಷ. ಅದು ಕಳೆಯಬೇಕಾದರೆ ಆ ಮನುಷ್ಯ ಸತ್ತನೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ಅತ್ತ ಮೇಲೇ ನಿಜ ಹೇಳಬೇಕು. ಒಂದು ಮಧ್ಯಾಹ್ನ ನಾನು ಮೊರ ಕೆಳಗಿಟ್ಟು ಗೂಡಿನ ಪಕ್ಕ ಹೋಗಿ ನಿಂತೆ. ಸಾವಿನ ಸುದ್ದಿಗಾದರೂ ಅಪ್ಪ ಬರಲಿ, ಬಂದರೆ ಅವನ ಜೊತೆ ಹೊರಟುಬಿಡೋಣ ಅಂತ. ಕಾಗೆ ನನ್ನನ್ನು ಹೆಚ್ಚು ಕಾಯಿಸಲಿಲ್ಲ.

ಅತ್ತೆ ಬೈಯುತ್ತಲೇ ನಾನು ಸತ್ತೆನೆಂದು ಹೇಳಲು ಜಿಗಣಿಗೆ ಆಳು ಕಳಿಸಿದರು. ಅಪ್ಪ ಬೀದಿಯ ತುದಿಯಿಂದಲೇ ಎದೆ ಬಡಿದುಕೊಂಡು ಬಂದ. ಒಳಕೋಣೆಯಲ್ಲಿ ಕೂತು ಅವನ ಅಳು ಕೇಳಿ ನನಗೆ ಸಂಕಟವಾಯಿತು, ಒಂಥರಾ ಸಂತೋಷವೂ ಆಯಿತು.

"ಸಾಕು ಬಿಡಿ ಬೀಗ್ರೆ, ಕಾಗೆ ಮುಟ್ಟಿತ್ತು ಅಷ್ಟೇಯ," ಎಂದು ಅತ್ತೆ ನನ್ನನ್ನು ಹೊರಗೆ ಕರೆದರು. ಅಪ್ಪ ನನ್ನ ಕೆನ್ನೆ ಮುಟ್ಟಿ ಮುಟ್ಟಿ ನೋಡಿದ, ನಕ್ಕ. ಹಳೇ ಜಗಳ ಮರೆತು ಬೀಗರ ಜೊತೆ ಕೂತು ಉಂಡ.

ಕೈಗೆ ನೀರು ಹಾಕುವಾಗ ಮೆಲ್ಲಗೆ ಅಂದೆ: "ಅಪ್ಪಾ, ಇಲ್ಲಿ ಇರಕ್ಕಾಗಲ್ಲ. ನನ್ನೂ ಕರ್ಕಂಡೋಗು."

ಅವನ ಕಣ್ಣು ಇನ್ನೂ ಕೆಂಪಗಿತ್ತು.

"ದೋಸ ಕಳೀತಲ್ಲವ್ವಾ," ಅಂದ. "ಇನ್ನೇನು, ಸುಕವಾಗಿರು." ಟವೆಲ್ಲಿಗೆ ಕೈ ಒರೆಸಿಕೊಂಡು ಬಸ್ಸಿಗೆ ಹೊರಟ.