ಇನ್ನೂ ಗಟ್ಟಿ ಎಂದರು ಕಾಕಾ

ಗೆಳೆಯರೇ, ಫೋನಿನಲ್ಲಿ ಕೇಳಿಕೊಂಡು ಸೈಕಲ್ ರಿಪೇರಿ ಮಾತ್ರ ಮಾಡಬೇಡಿ. ನನ್ನ ಗೇರ್ ಸೈಕಲ್ಲಿನ ಹಿಂದಿನ ಚಕ್ರ ಅಚ್ಚಿನ ಮೇಲೆ ಅತ್ತಿತ್ತ ಅಲುಗಾಡುತ್ತಿತ್ತು. ನಾಳೆ ಅದರ ಮೇಲೆಯೇ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಬರುತ್ತೇನೆಂದು ಅಲ್ಲಿರುವ ಕಾಕಾರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಸೈಕಲ್ ರಿಪೇರಿ ಬಲ್ಲವರೂ ಅವರೇ; ಇವತ್ತು ಅವರಿಗೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ ನೆಲದ ಮೇಲಿಟ್ಟು ಕೆಲಸಕ್ಕೆ ಕುಳಿತೆ. ಅತ್ತ ಅವರ ಹಿಟ್ಟಿನ ಗಿರಣಿ ಗುರ್ ಎನ್ನುತ್ತಿತ್ತು. ಇತ್ತ ನನ್ನ ಎರಡೂ ಕೈಯಲ್ಲಿ ನಟ್ಟು ತಿರುಗಿಸುವ ಪಾನಾ.

“ಬೇರಿಂಗಿನ ನಟ್ಟು ಇಷ್ಟ ಬಿಗದ್ರ ಸಾಕೇನ್ರಿ ಕಾಕಾ?”

“ಗಟ್ಟಿ!”

ಬಿಗಿದೆ. “ಈಗರೀ?”

“ಇನ್ನೂ ಗಟ್ಟಿ! ಜರಾ ಜೋರಲೆ!”

ಹಲ್ಲು ಕಚ್ಚಿ ತಿರುವಿದೆ. ಚಕ್ರ ತಿರುಗುವುದನ್ನೇ ನಿಲ್ಲಿಸಿತು.

“ಕಾಕಾ, ನಟ್ಟು ಬಿಗದು ಚಕ್ರ ಜಾಮ್ ಆತ್ರಿ!” ಎಂದು ಚೀರಿದೆ.

“ಹಾಂ, ಈಗ ಕೇಳಸ್ತು ನೋಡು! ಆಗಿಂದ ಗಟ್ಟಿ ಮಾತಾಡು ಅಂತ ಹೇಳಾಕತ್ತೀನಿ. ನಟ್ಟು ಬಿಗಿ ಅಂತ ಯಾರ್ ಹೇಳಿದ್ರೋ? ಜರಾ ಸೈಲ್, ಸಡ್ಲ ಇದ್ರನ ಚಕ್ರ ತಿರಗತೈತಿ!”

ಪಾನಾ ಕೆಳಗಿಟ್ಟು, ನನಗೇ ಕೇಳಿಸದಷ್ಟು ಮೆಲ್ಲಗೆ “ನಾಳಿ ಬಸ್ಸಿಗಿ ಬರ್ತೀನ್ರಿ” ಎಂದೆ.

ಆ ಮಾತು ಮಾತ್ರ ಗಿರಣಿಯ ಸದ್ದಿನಲ್ಲೂ ಕಾಕಾರಿಗೆ ಒಂದೇ ಸಲಕ್ಕೆ ಕೇಳಿಸಿತು.